ಕರಿ ಐದರಿಂದ ಬಿಳಿ ಐದಕ್ಕೆ

ಮೂರು ವಾರ ನಾನು ಬಾರಿಸಿದ್ದು ಎರಡೇ ಸ್ವರ. ಒಂದು ಕರಿ ಐದು, ಇನ್ನೊಂದು ಅದರ ಮೇಲಿನ ಸಪ್ತಕದ ಬಿಳಿ ಐದು. ಪೇಟಿ ಬಾರಿಸಿ ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಉಳಿದವರಿಗಾಗಿ ಹೇಳುವುದಾದರೆ, ಹಾರ್ಮೋನಿಯಂನ ಒಂದು ಸಪ್ತಕದಲ್ಲಿ ಏಳು ಬಿಳಿ ಪಟ್ಟಿ, ಐದು ಕರಿ ಪಟ್ಟಿ. ನಮ್ಮ ಕಡೆ ಅವನ್ನು ಮನೆ ನಂಬರಿನ ಹಾಗೆ ಎಣಿಸುತ್ತಾರೆ. ಪಿಯಾನೊದವರ ಬಾಯಲ್ಲಿ ಇವೇ ಎರಡು ಬಿ ಫ್ಲಾಟ್ ಮತ್ತು ಜಿ. ಪಿಯಾನೊ ರಚನಕಾರ ಶೋಪಾನ್ 1832ರಲ್ಲಿ ಅಚ್ಚು ಹಾಕಿಸಿದ ನಾಕ್ಟರ್ನುಗಳಲ್ಲಿ ಎರಡನೆಯದು, ಓಪಸ್ 9ರದ್ದು, ಶುರುವಾಗುವುದು ಈ ಜಿಗಿತದಿಂದಲೇ. ನಾಕ್ಟರ್ನ್ ಅಂದರೆ ಇರುಳಿನ ಪದ. ಒಟ್ಟು 34 ಅಳತೆಯ (ಅಳತೆ ಅಂದರೆ ಅವರ ಆವರ್ತ), ನಾಲ್ಕೂವರೆ ನಿಮಿಷದ ಆಸುಪಾಸಿನ ರಚನೆ. ನೀವು ಕೇಳಿರುತ್ತೀರಿ. ಹೆಸರು ಗೊತ್ತಿಲ್ಲದಿದ್ದರೂ ಯಾವುದೋ ಜಾಹೀರಾತಿನಲ್ಲಿ, ಮಳೆ ಬೀಳುವ ಯಾವುದೋ ರೀಲ್ಸ್‌ನಲ್ಲಿ ಅದು ನಿಮ್ಮ ಕಿವಿಗೆ ಬಿದ್ದಿರುತ್ತದೆ.

ಕಲಿಸುತ್ತಿರುವವರು ಬೆಂಗಳೂರಿನ ದಂಡು ಪ್ರದೇಶದ ಹಳೇ ಮನೆಯೊಂದರಲ್ಲಿರುವ, ಎಪ್ಪತ್ತು ದಾಟಿದ ಹೆಣ್ಣುಮಗಳು. ಎಲ್ಲರಿಗೂ ಅವರು ಮಿಸ್. ಹೆಸರು ಬರೆಯಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಬರೆದರೆ ಮರುದಿನವೇ ಗ್ರೇಡ್ ಪರೀಕ್ಷೆಯ ಫಾರಂ ಹಿಡಿದುಕೊಂಡು ತಂದೆತಾಯಿಗಳು ಗೇಟಿನ ಹತ್ತಿರ ಸಾಲು ನಿಲ್ಲುತ್ತಾರಂತೆ. ಮೊದಲ ದಿನ ನಾನು ಕರಿ ಐದನ್ನು ಒತ್ತಿದಾಗ ಅವರು ಹೇಳಿದ್ದು ಒಂದೇ ಮಾತು: "ಒತ್ತಬೇಡಿ. ಅದು ಕಾಲಿಂಗ್ ಬೆಲ್ ಅಲ್ಲ."

ಒತ್ತದೆ ಬಾರಿಸುವುದು ಹೇಗೆ? ಇಪ್ಪತ್ತು ವರ್ಷ ನಾನು ಒತ್ತಿದ್ದೇ ಒತ್ತಿದ್ದು.

*

ನಮ್ಮೂರು ನೆಲೋಗಿ, ಜೇವರ್ಗಿ ತಾಲೂಕು. ಬೆಂಗಳೂರಿನಲ್ಲಿ ಊರಿನ ಹೆಸರು ಹೇಳಿದರೆ ಸ್ವಲ್ಪ ವಯಸ್ಸಾದವರು "ಧರ್ಮಸಿಂಗ್ ಅವರ ಊರಾ?" ಅನ್ನುತ್ತಾರೆ. 2004ರಿಂದ 2006ರ ತನಕ ಮುಖ್ಯಮಂತ್ರಿಯಾಗಿದ್ದವರು ಹುಟ್ಟಿದ ಊರು. ಅಷ್ಟರ ಮಟ್ಟಿಗೆ ನಕ್ಷೆಯಲ್ಲಿದ್ದೇವೆ. ಉಳಿದಂತೆ ತೊಗರಿ, ಜೋಳ, ಹತ್ತಿ, ಮೇ ತಿಂಗಳಲ್ಲಿ ಮರದ ಬಾಗಿಲೂ ಬಿರುಕು ಬಿಡುವ ಬಿಸಿಲು. ಪಿಯಾನೊ ಎಂಬ ವಸ್ತುವನ್ನು ಅಲ್ಲಿ ಯಾರೂ ತಂದಿಟ್ಟಿಲ್ಲ, ತಂದಿಟ್ಟರೂ ಎರಡು ಬೇಸಿಗೆಗೆ ಅದರ ಶ್ರುತಿ ಉಳಿಯುವುದು ಸುಳ್ಳು.

ಆದರೆ ಪೇಟಿ ಇತ್ತು. ಶನಿವಾರ ರಾತ್ರಿ ಹನುಮಪ್ಪನ ಗುಡಿಯಲ್ಲಿ ಭಜನಿ. ಏಕತಾರಿ, ದಮ್ಮಡಿ, ತಾಳ, ಪೇಟಿ. ಹಾಡುತ್ತಿದ್ದುದು ಹೆಚ್ಚಾಗಿ ಕಡಕೋಳ ಮಡಿವಾಳಪ್ಪನವರ ತತ್ವಪದ. ಕಡಕೋಳ ಮೊನ್ನೆಮೊನ್ನೆಯವರೆಗೆ ನಮ್ಮ ಜೇವರ್ಗಿ ತಾಲೂಕಿನಲ್ಲೇ ಇತ್ತು, ಈಗ ಯಡ್ರಾಮಿ ತಾಲೂಕಿಗೆ ಸೇರಿದೆ. ತಾಲೂಕು ಬದಲಾದದ್ದು ಪದಗಳಿಗೆ ಗೊತ್ತಿಲ್ಲ. ಪೇಟಿಯ ಮುಂದೆ ಕೂಡುತ್ತಿದ್ದವನು ನಮ್ಮ ಓಣಿಯ ಮುತ್ಯಾ. ನನಗೆ ರಕ್ತಸಂಬಂಧಿ ಅಲ್ಲ, ಇಡೀ ಓಣಿಗೇ ಅವನು ಪೇಟಿ ಮುತ್ಯಾ. ಅವನ ತೊಡೆಯ ಪಕ್ಕ ಕೂತು, ಅವನು ಎಲೆ-ಅಡಿಕಿ ಹಾಕಿಕೊಳ್ಳಲು ಎದ್ದಾಗಲೆಲ್ಲ ಪೇಟಿ ನನ್ನ ಮುಂದೆ ಬಂದು, ಹಾಗೇ ಕಲಿತದ್ದು.

ಇಲ್ಲಿ ಒಂದು ವಿಚಿತ್ರ ಹೇಳಬೇಕು. ಶೋಪಾನ್ ಇದ್ದದ್ದು ಪ್ಯಾರಿಸ್‌ನಲ್ಲಿ. ಅಲ್ಲೇ ಪಾಠ ಹೇಳಿದ, ಅಲ್ಲೇ 1849ರಲ್ಲಿ ತೀರಿಕೊಂಡ. ಅವನು ಅಲ್ಲಿದ್ದ ಕಾಲದಲ್ಲೇ, 1840ರ ದಶಕದ ಆರಂಭದಲ್ಲಿ, ಅದೇ ಪ್ಯಾರಿಸ್‌ನಲ್ಲಿ ಅಲೆಕ್ಸಾಂಡ್ರ್ ದೆಬೆಯ್ನ್ ಎಂಬಾತ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಕಾಲಿನಿಂದ ಗಾಳಿ ತುಳಿಯುವ ಆ ವಾದ್ಯ ಹಡಗು ಹತ್ತಿ ಕೋಲ್ಕತ್ತಕ್ಕೆ ಬಂತು. ಅಲ್ಲಿ ದ್ವಾರಕಾನಾಥ ಘೋಷ್ ಅಂಥವರ ಕಾರ್ಖಾನೆಗಳಲ್ಲಿ ಕಾಲು ಕಳೆದುಕೊಂಡು, ನೆಲಕ್ಕೆ ಕೂತು ಕೈಯಿಂದ ಗಾಳಿ ಹಾಕುವ ಪೇಟಿಯಾಯಿತು. ಆಕಾಶವಾಣಿ ಅದನ್ನು 1940ರಿಂದ 1971ರ ತನಕ ಹೊರಗಿಟ್ಟಿತು. ನಮ್ಮ ಸ್ವರದ ಸೂಕ್ಷ್ಮ ಅದಕ್ಕೆ ಬರುವುದಿಲ್ಲ ಎಂಬುದು ಆರೋಪ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಮಾತ್ರ ಪಂಚಾಕ್ಷರ ಗವಾಯಿಗಳ, ಪುಟ್ಟರಾಜ ಗವಾಯಿಗಳ ಶಿಷ್ಯರು ಪೇಟಿಯ ಮೇಲೆ ಕೈ ಆಡಿಸುತ್ತಲೇ ಇದ್ದರು. ನಮ್ಮ ಭಾಗದ ಎಷ್ಟೋ ಪೇಟಿ ಮಾಸ್ತರರ ವಿದ್ಯೆಯ ಮೂಲ ಅಲ್ಲಿದೆ. ಹೀಗೆ ಒಂದೇ ಕಾಲಕ್ಕೆ ಒಂದೇ ಊರಿನಲ್ಲಿದ್ದ ಎರಡು ವಾದ್ಯಗಳಲ್ಲಿ ಒಂದು ನೆಲೋಗಿಯ ಗುಡಿಗೆ ಬಂತು, ಇನ್ನೊಂದು ಬರಲಿಲ್ಲ. ಬರದೇ ಇದ್ದದ್ದರ ಹಿಂದೆ ನಾನು ನಲವತ್ತು ದಾಟಿದ ಮೇಲೆ ಹೋದೆ.

*

ಪೇಟಿಯ ಸ್ವರಕ್ಕೆ ಸಾವಿಲ್ಲ. ತಿದಿಯಲ್ಲಿ ಗಾಳಿ ಇರುವ ತನಕ, ಪಟ್ಟಿಯ ಮೇಲೆ ಬೆರಳಿರುವ ತನಕ ಅದು ನಿಲ್ಲುತ್ತದೆ. ದನಿ ಏರಬೇಕೇ, ಎಡಗೈ ಸ್ವಲ್ಪ ಜೋರು. ಇಳಿಯಬೇಕೇ, ಮೆಲ್ಲಗೆ. ಬಲಗೈ ಬೆರಳಿಗೆ ಆ ಚಿಂತೆಯೇ ಇಲ್ಲ. ಪಟ್ಟಿಯನ್ನು ಗುದ್ದಿದರೂ, ಸವರಿದರೂ ಒಂದೇ ದನಿ.

ಪಿಯಾನೊದಲ್ಲಿ ಇದು ಪೂರ್ತಿ ತಿರುವುಮುರುವು. ಮಿಸ್ ಒಂದು ಮಧ್ಯಾಹ್ನ ಪಿಯಾನೊದ ಮುಂಬಾಗಿಲು ತೆಗೆದು ಒಳಗೆ ತೋರಿಸಿದರು. ಪಟ್ಟಿ ಕೆಳಗಿಳಿಯುವ ದೂರ ಹೆಚ್ಚೆಂದರೆ ಒಂದು ಸೆಂಟಿಮೀಟರ್. ಆ ಒಂದು ಸೆಂಟಿಮೀಟರಿನೊಳಗೆ ಸನ್ನೆಗೋಲುಗಳ ಸಾಲೊಂದು ಎದ್ದು, ಉಣ್ಣೆ ಹೊದ್ದ ಸುತ್ತಿಗೆಯನ್ನು ತಂತಿಯ ಕಡೆಗೆ ಎಸೆಯುತ್ತದೆ. ಎಸೆಯುತ್ತದೆ ಅನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಿ: ಸುತ್ತಿಗೆ ತಂತಿಗೆ ತಾಗುವ ಮೊದಲೇ ಯಂತ್ರ ಅದರ ಕೈ ಬಿಟ್ಟಿರುತ್ತದೆ. ಬಿಡದಿದ್ದರೆ ಸುತ್ತಿಗೆ ತಂತಿಗೆ ಅಂಟಿ ಕೂತು ನಾದವನ್ನೇ ಹೊಸಕಿಬಿಡುತ್ತದೆ. ಕ್ರಿಸ್ತೋಫೋರಿ ಎಂಬ ಇಟಲಿಯವನು 1700ರ ಸುಮಾರಿಗೆ ಬಗೆಹರಿಸಿದ್ದು ಇದೇ ಒಗಟನ್ನು. ಅಂದರೆ ಸ್ವರ ಹುಟ್ಟುವ ಕ್ಷಣದಲ್ಲಿ ಬೆರಳಿಗೂ ತಂತಿಗೂ ಸಂಬಂಧವಿಲ್ಲ. ಆಮೇಲೆ ನೀವು ಪಟ್ಟಿಯನ್ನು ಎಷ್ಟೇ ಅದುಮಿ, ಕಣ್ಣು ಮುಚ್ಚಿ, ತಲೆದೂಗಿ, ಅದರ ದನಿಯಲ್ಲಿ ಒಂದು ಎಳೆಯೂ ಬದಲಾಗದು. ನಮ್ಮ ಸಿನಿಮಾಗಳಲ್ಲಿ ನಾಯಕ ಪಿಯಾನೊದ ಮುಂದೆ ಕೂತು ದುಃಖದಿಂದ ಪಟ್ಟಿಗಳನ್ನು ಹಿಚುಕುತ್ತಾನಲ್ಲ, ಅದೆಲ್ಲ ವ್ಯರ್ಥ ಶ್ರಮ.

ಹಾಗಾದರೆ ಕೈಯಲ್ಲಿರುವುದು ಏನು? ಪಟ್ಟಿ ಇಳಿಯುವ ವೇಗ. ಅಷ್ಟೇ. ಅದನ್ನು ತಿಳಿಯಲು ಮಿಸ್ ಕೊಟ್ಟ ಅಭ್ಯಾಸ ತಮಾಷೆಯದು: ಸದ್ದೇ ಬರದ ಹಾಗೆ ಪಟ್ಟಿ ಇಳಿಸಿ. ತೀರಾ ನಿಧಾನ ಇಳಿಸಿದರೆ ಸುತ್ತಿಗೆಗೆ ತಂತಿ ಮುಟ್ಟುವಷ್ಟು ಎಸೆತ ಸಿಗುವುದಿಲ್ಲ. ಹಾಗೆ ಇಳಿಸುತ್ತ ಹೋದಾಗ ತಳಕ್ಕೆ ಸ್ವಲ್ಪ ಮೊದಲು ಬೆರಳ ತುದಿಗೆ ಒಂದು ಸಣ್ಣ ತಡೆ ಸಿಗುತ್ತದೆ. ಕೊಡದಲ್ಲಿ ನೀರಿನ ಮಟ್ಟ ಕೈಗೆ ತಾಗಿದ ಹಾಗೆ. ಸುತ್ತಿಗೆಯ ಕೈ ಬಿಡುವ ಜಾಗ ಅದೇ. ಮೆತ್ತನೆ ಬಾರಿಸುವುದೆಂದರೆ ಆ ತಡೆಯನ್ನು ಬೆರಳ ತುದಿಯಿಂದಲ್ಲ, ಬೆರಳಿನ ತಿರುಳಿನಿಂದ, ತೋಳಿನ ಭಾರ ಅದರ ಹಿಂದೆ ಸುಮ್ಮನೆ ತೂಗುಬಿದ್ದಿರುವಾಗ ದಾಟುವುದು. ಸೌಮ್ಯವಾದ ರಚನೆ ಅಂದಕೂಡಲೇ ನಾವು ಬೆರಳುಗಳನ್ನು ಬಿಗಿ ಹಿಡಿದು, ಹೆದರಿ ಮುಟ್ಟುತ್ತೇವೆ. ಅರ್ಧ ಸ್ವರಗಳು ಬರುವುದೇ ಇಲ್ಲ, ಉಳಿದರ್ಧ ಕಿರುಚುತ್ತವೆ. ಜೋರಾಗಿ ಬಾರಿಸುವುದು ಇದಕ್ಕಿಂತ ಎಷ್ಟೋ ಸುಲಭ. "ಮದುವೆ ಬ್ಯಾಂಡಿನವರು ಕೂಡ ಜೋರಾಗಿ ಬಾರಿಸ್ತಾರೆ" ಅನ್ನುವುದು ಮಿಸ್ ಅವರ ಖಾಯಂ ಡೈಲಾಗು. ಬ್ಯಾಂಡಿನವರ ಬಗ್ಗೆ ಇದು ಅನ್ಯಾಯ, ಆದರೆ ನನಗೆ ಎದುರು ಮಾತಾಡುವ ಧೈರ್ಯವಿಲ್ಲ.

ಇನ್ನು ಆ ಎರಡು ಸ್ವರದ ಮೂರು ವಾರ. ಕರಿ ಐದನ್ನು ಬಾರಿಸಿ, ಪಟ್ಟಿ ಹಿಡಿದು, ಕಣ್ಣು ಮುಚ್ಚಿ ಕೇಳಬೇಕು. ಪೂರ್ತಿ ಕೇಳಿಸದಾದಾಗ ಕೈ ಎತ್ತಬೇಕು. ಮೊದಲ ಸಲ ನಾನು ಐದಾರು ಸೆಕೆಂಡಿಗೇ ಕೈ ಎತ್ತಿದೆ. ಮಿಸ್ ಎತ್ತಲಿಲ್ಲ. ಬೀದಿಯಲ್ಲಿ ಆಟೊ ಹೋಯಿತು, ಪಕ್ಕದ ಮನೆಯ ಕುಕ್ಕರ್ ಕೂಗಿತು, ಅವರು ಇನ್ನೂ ಕೇಳುತ್ತಿದ್ದರು. ಎರಡನೇ ವಾರದ ಹೊತ್ತಿಗೆ ನನಗೂ ಆಟೊದ ಹಿಂದೆ ಆ ಸ್ವರ ಇರುವುದು ಗೊತ್ತಾಗತೊಡಗಿತು. ಪಿಯಾನೊದ ಸ್ವರ ಬಾರಿಸಿದ ಕೂಡಲೇ ಸೊರಗಲು ಶುರು. ಶೋಪಾನನ ರಚನೆಯಲ್ಲಿ ಸ್ವರ ಬಿಳಿ ಐದಕ್ಕೆ ಜಿಗಿದು, ಅಲ್ಲಿ ನಿಂತು, ಪಕ್ಕದ ಬಿಳಿ ನಾಲ್ಕಕ್ಕೆ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಕರಿ ಎರಡು ಷಡ್ಜ ಅಂದರೆ, ಕೆಳಗಿನ ಪಂಚಮದಿಂದ ಗಾಂಧಾರಕ್ಕೆ ಹಾರಿ ರಿಷಭಕ್ಕೆ ಬಂದ ಹಾಗೆ. ಆ ರಿಷಭವನ್ನು ಯಾವ ದನಿಯಲ್ಲಿ ಬಾರಿಸಬೇಕು? ಗಾಂಧಾರವನ್ನು ಶುರು ಮಾಡಿದ ದನಿಯಲ್ಲಿ ಬಾರಿಸಿದರೆ ಎರಡು ಮೊಳೆ ಹೊಡೆದಂತೆ ಕೇಳುತ್ತದೆ. ಗಾಂಧಾರ ನಿಂತು ನಿಂತು ಎಷ್ಟು ಸೊರಗಿದೆಯೋ ಅಷ್ಟೇ ದನಿಯಲ್ಲಿ ಬಾರಿಸಿದರೆ ಒಂದರೊಳಗಿಂದ ಇನ್ನೊಂದು ಬಂದಂತಾಗುತ್ತದೆ. ಪಿಯಾನೊ ಹಾಡುತ್ತದೆ ಅನ್ನುತ್ತಾರಲ್ಲ, ಆ ಕಣ್ಕಟ್ಟಿನ ಗುಟ್ಟು ಇದು. ಬೆರಳಿಗೆ ಇದನ್ನು ಕಲಿಸಲು ಬರುವುದಿಲ್ಲ, ಕಿವಿಗೆ ಕಲಿಸಬೇಕು. ಬೆರಳು ಕಿವಿಯ ಹಿಂದೆ ಬರುತ್ತದೆ.

ಇದಕ್ಕೆ ಮೊದಲು ನಾನು ನಗರದ ಒಂದು ಕ್ಲಾಸಿಗೆ ಆರು ತಿಂಗಳು ಹೋಗಿದ್ದೆ. ಅಲ್ಲಿ ಇದೇ ನಾಕ್ಟರ್ನನ್ನು ಎಂಟು ಪಾಠಗಳಲ್ಲಿ ಮುಗಿಸಿಕೊಟ್ಟರು. ಬಣ್ಣದ ಪಟ್ಟಿಗಳು ಮೇಲಿನಿಂದ ಉದುರುವ ವಿಡಿಯೊ, ಉದುರಿದ ಕಡೆ ಬೆರಳು. ಸ್ವರಗಳೆಲ್ಲ ಸರಿಯಾಗಿಯೇ ಬಂದವು. ಮುಗಿಸಿಕೊಟ್ಟರು ಅನ್ನುವ ಮಾತು ಅಲ್ಲಿಗೆ ಸರಿಯಾಗಿ ಹೊಂದುತ್ತದೆ.

*

ಈ ರಚನೆಯನ್ನೇ ಶೋಪಾನನ ಬಳಿ ಕಲಿತ ಒಬ್ಬನ ಬರಹ ಉಳಿದಿದೆ. ವಿಲ್ಹೆಲ್ಮ್ ಫಾನ್ ಲೆಂಟ್ಸ್, ರಷ್ಯಾ ಸರಕಾರದ ಅಧಿಕಾರಿ, ಸಂಗೀತದ ಹುಚ್ಚಿನವ. 1842ರಲ್ಲಿ ಪ್ಯಾರಿಸ್‌ಗೆ ಬಂದು ಶೋಪಾನನ ಮನೆ ಬಾಗಿಲು ತಟ್ಟಿದ. ಒಳಗೆ ಬಿಡಿಸಿಕೊಳ್ಳಲು ಪಿಯಾನೊ ವಾದಕ ಲಿಸ್ಟ್‌ನ ಚೀಟಿ ಬೇಕಾಯಿತು. ಆ ಕಾಲದಲ್ಲಿ ಶೋಪಾನನ ಒಂದು ಪಾಠಕ್ಕೆ 20 ಫ್ರಾಂಕ್. ಶಿಷ್ಯರು ಅದನ್ನು ಕೈಗೆ ಕೊಡದೆ ಬೆಂಕಿಗೂಡಿನ ಮೇಲಿನ ಹಲಗೆಯ ಮೇಲಿಟ್ಟು ಹೋಗುತ್ತಿದ್ದರು. ಶಿಷ್ಯ ದೊಡ್ಡ ಪಿಯಾನೊದ ಮುಂದೆ, ಗುರು ಪಕ್ಕದ ಚಿಕ್ಕ ಪಿಯಾನೊದ ಮುಂದೆ.

ಈ ನಾಕ್ಟರ್ನಿಗೆ ಶೋಪಾನ್ ಮಾಡಿಸಿದ ಮೊದಲ ಕೆಲಸ ಬಲಗೈಯದಲ್ಲ. ಎಡಗೈ ಬಾರಿಸಬೇಕಾದ ಪಕ್ಕವಾದ್ಯದ ಭಾಗವನ್ನಷ್ಟೇ ಎರಡೂ ಕೈಗಳಿಗೆ ಹಂಚಿ ಬಾರಿಸು ಅಂದ. ಕೆಳಗಿನ ಒಂದು ಸ್ವರ ಎಡಗೈಗೆ, ಅದರ ಮೇಲಿನ ಎರಡು ಸ್ವರಗುಚ್ಛ ಬಲಗೈಗೆ. ಪ್ರತಿ ಗುಚ್ಛವೂ ಗಿಟಾರುಗಳ ಮೇಳ ಕೂತು ಮೀಟಿದ ಹಾಗೆ ಕೇಳಿಸಬೇಕು. ಆ ನಾದ ಕಿವಿಯಲ್ಲಿ ಕೂತ ಮೇಲೆ ಅದನ್ನೇ ಒಂಟಿ ಎಡಗೈಯಿಂದ, ಮೆತ್ತಗೆ, ಕಟ್ಟುನಿಟ್ಟಾದ ಲಯದಲ್ಲಿ ತೆಗೆಯಬೇಕು. ಹಾಡುವ ಬಲಗೈಯ ಸರದಿ ಅದಾದ ಮೇಲೆ. ಆ ಹಾಡಿಗೆ ಮಾದರಿ ಯಾವ ಪಿಯಾನೊ ವಾದಕನೂ ಅಲ್ಲ, ಇಟಲಿಯ ಗಾಯಕಿ ಜುದಿತ್ತಾ ಪಾಸ್ತಾ. ಶಿಷ್ಯರನ್ನು ಅವನು ಒಪೆರಾ ಕೇಳಲು ಅಟ್ಟುತ್ತಿದ್ದ, ಹಾಡು ಕಲಿಯಲು ಹೇಳುತ್ತಿದ್ದ.

ರೊಮ್ಯಾಂಟಿಕ್ ಸಂಗೀತ ಅಂದರೆ ಲಯ ಹೇಗೆ ಬೇಕಾದರೂ ಎಳೆಯಬಹುದು ಎಂದು ನಾನು ತಿಳಿದಿದ್ದೆ. ಶೋಪಾನನ ಪಿಯಾನೊದ ಮೇಲೆ ಲಯ ಎಣಿಸುವ ಮೆಟ್ರೊನೋಮ್ ಯಾವತ್ತೂ ಇರುತ್ತಿತ್ತು ಎಂದು ಅವನ ಶಿಷ್ಯ ಮಿಕುಲಿ ಹೇಳಿದ್ದಾನೆ. ಎಡಗೈ ತಾಳ ಬಿಡಕೂಡದು. ಬಲಗೈ ಅದರ ಮೇಲೆ ತಡೆದು ನಿಲ್ಲಬಹುದು, ಅವಸರ ಮಾಡಬಹುದು. ಹೇಳುವುದು ಸುಲಭ. ಲೆಂಟ್ಸ್‌ನ ಪಾಠದ ನಡುವೆ ಒಂದು ದಿನ ಒಪೆರಾ ರಚಿಸುವ ಮೇಯರ್‌ಬೇರ್ ಬಂದ. ಲೆಂಟ್ಸ್ ಮಝುರ್ಕಾ ಎಂಬ ಕುಣಿತದ ರಚನೆಯೊಂದನ್ನು ಬಾರಿಸುತ್ತಿದ್ದ. ಕೇಳಿದ ಮೇಯರ್‌ಬೇರ್, ಇದು ಎರಡರ ನಡೆ ಅಂದ. ಶೋಪಾನ್ ಮೂರರದ್ದು ಅಂದ. ಮಾತಿಗೆ ಮಾತು ಬೆಳೆದು, ಎಂದೂ ದನಿ ಎತ್ತದ ಶೋಪಾನ್ ಕೂಗಾಡಿ, ತಾನೇ ಕೂತು ಬಾರಿಸಿ, ಕಾಲಲ್ಲಿ ತಾಳ ಹಾಕಿ ಎಣಿಸಿ ತೋರಿಸಿದ. ಮೇಯರ್‌ಬೇರ್ ಒಪ್ಪದೆ ಎದ್ದು ಹೋದ. ತಾಳದ ಜಗಳ ಕಂಡವರಿಗೆ ಇದೇನೂ ಹೊಸದಲ್ಲ. ನಮ್ಮ ಗುಡಿಯಲ್ಲಿ ದಾದ್ರಾವೋ ಕೆಹರ್ವಾವೋ ಎಂಬುದಕ್ಕೆ ತಾಳ ಎಸೆದು ಮನೆಗೆ ಹೋದವರಿದ್ದಾರೆ.

ಮಿಸ್ ನನಗೂ ಲೆಂಟ್ಸ್‌ನ ಪಾಠವನ್ನೇ ಮಾಡಿಸಿದರು. ಎರಡೂ ಕೈಗಳಿಂದ ಬಾರಿಸಿದಾಗ ಗಿಟಾರು ಮೇಳ ಕೇಳಿಸಿತೋ ಇಲ್ಲವೋ, ನನಗೆ ಏಕತಾರಿ, ದಮ್ಮಡಿ ಕೇಳಿಸಿತು. ಕೆಳಗಿನ ಸ್ವರ, ಗುಚ್ಛ, ಗುಚ್ಛ. ಮೂರರ ನಡೆ, ಅಳತೆಗೆ ನಾಲ್ಕು ಸಲ. ಎರಡು ದಾದ್ರಾ ಕೂಡಿಸಿಟ್ಟಂತೆ. ಒಂಟಿ ಎಡಗೈಗೆ ಬಂದಾಗ ಮಾತ್ರ ಕಥೆ ಕೆಟ್ಟಿತು. ಕೈ ಕಲ್ಲಾಯಿತು. ಗುಚ್ಛಗಳು ಹಾಡಿಗಿಂತ ಜೋರು. ಜೊತೆಗೆ ಭಜನಿಯ ಹಳೇ ಚಾಳಿ, ಹೋಗ್ತಾ ಹೋಗ್ತಾ ಲಯ ಏರುವುದು.

"ನಿಮ್ಮ ಹಾರ್ಮೋನಿಯಂನಲ್ಲಿ ಎಡಗೈ ಏನು ಮಾಡ್ತಿತ್ತು?" ಮಿಸ್ ಕೇಳಿದರು.

"ಏನೂ ಇಲ್ಲ ಮಿಸ್. ಗಾಳಿ ಹಾಕ್ತಿತ್ತು."

"ಏನೂ ಇಲ್ಲ ಅಂತೀರಲ್ಲ! ಹಾಕಿ ನೋಡೋಣ."

ಪಿಯಾನೊದ ಮುಂದೆ ಕೂತು ಇಲ್ಲದ ತಿದಿಗೆ ಗಾಳಿ ಹಾಕಿದೆ. ಮಣಿಕಟ್ಟು ಮುಂದೆ ಹೋಗಿ ತಾನಾಗಿ ಹಿಂದೆ ಬರುವ ಆ ಸಣ್ಣ ತೂಗನ್ನು ಅವರು ನೋಡುತ್ತಲೇ ಇದ್ದರು. ಆಮೇಲೆ ನನ್ನ ಕೈ ಹಿಡಿದು, ಆ ತೂಗು ಹಾಗೇ ನಡೆದಿರುವಾಗಲೇ, ಪಟ್ಟಿಗಳ ಮೇಲೆ ತಂದಿಟ್ಟರು. ಕೆಳಗಿನ ಸ್ವರಕ್ಕೆ ಮಣಿಕಟ್ಟು ಇಳಿಯಬೇಕು, ಎರಡು ಗುಚ್ಛಗಳು ಅದು ಮೇಲೆ ಬರುವ ದಾರಿಯಲ್ಲಿ ಬೆರಳಿಗೆ ಸಿಗಬೇಕು. ಒಂದೇ ಗಾಳಿಗೆ ಮೂರು. ಗುಚ್ಛಗಳಿಗೆ ಬೇರೆ ಏಟೇ ಇಲ್ಲ, ಬಿಟ್ಟುಕೊಡುವುದಷ್ಟೇ. ನನ್ನ ಎಡಗೈ ಇಪ್ಪತ್ತು ವರ್ಷ ಉಸಿರಾಟವನ್ನೇ ಅಭ್ಯಾಸ ಮಾಡಿತ್ತು, ಅದು ನನಗೇ ತಿಳಿದಿರಲಿಲ್ಲ. ಒಳ್ಳೆಯ ಗುರು ಅಂದರೆ ಏನೆಂದು ಯಾರಾದರೂ ಕೇಳಿದರೆ ಆ ಮಧ್ಯಾಹ್ನವನ್ನು ಹೇಳುತ್ತೇನೆ.

ಬೆರಳುಗಳ ವಿಷಯದಲ್ಲೂ ಪೇಟಿ ಕೈಗೆ ಬಂತು. ಐದೂ ಬೆರಳನ್ನು ಒಂದೇ ಶಕ್ತಿಯ ಸಿಪಾಯಿಗಳನ್ನಾಗಿ ಮಾಡುವುದು ಆ ಕಾಲದ ಪಿಯಾನೊ ಮಾಸ್ತರರ ಹಟ. ಶೋಪಾನ್ ಅದಕ್ಕೆ ವಿರುದ್ಧ. ಒಂದೊಂದು ಬೆರಳೂ ಒಂದೊಂದು ತರಹ ಹುಟ್ಟಿದೆ, ಆ ವ್ಯತ್ಯಾಸವನ್ನೇ ದುಡಿಸಿಕೊಳ್ಳಬೇಕು ಎಂಬುದು ಅವನ ಪಾಠ. ಅದಕ್ಕೇ ಮೊದಲ ಪಾಠದಲ್ಲಿ ಕೈ ಇಡಿಸುತ್ತಿದ್ದದ್ದು ಎಲ್ಲ ಬಿಳಿಯ ಮೇಲಲ್ಲ. ಉದ್ದದ ನಡುಬೆರಳುಗಳು ಮೂರೂ ಕರಿಯ ಮೇಲೆ, ಗಿಡ್ಡ ಹೆಬ್ಬೆರಳು, ಕಿರುಬೆರಳು ಬಿಳಿಯ ಮೇಲೆ. ಎಲ್ಲ ಬಿಳಿ ಇರುವ ಸಿ ಮೇಜರ್ ನೋಡಲು ಸುಲಭ, ಕೈಗೆ ಕಷ್ಟ. ಅದನ್ನು ಕೊನೆಗೆ ಕಲಿಸುತ್ತಿದ್ದ. ಹಾಡುವವರ ಶ್ರುತಿಗೆ ತಕ್ಕಂತೆ ಇವತ್ತು ಕರಿ ಒಂದು, ನಾಳೆ ಕರಿ ಎರಡು ಎಂದು ಷಡ್ಜ ಬದಲಿಸಿ ಬಾರಿಸಿದ ಪೇಟಿಯವರಿಗೆ ಕರಿಯ ಭಯವಿಲ್ಲ. ಕಿರುಬೆರಳೇ ನಮಗೆ ಸೋಮಾರಿ. ಅದಕ್ಕೆ ಇನ್ನೂ ಪಾಠ ನಡೆದಿದೆ.

ದಿನಕ್ಕೆ ಮೂರು ತಾಸಿಗಿಂತ ಹೆಚ್ಚು ಕೂಡಬೇಡ ಎಂದು ಶೋಪಾನ್ ಒಬ್ಬ ಶಿಷ್ಯೆಯನ್ನು ಗದರಿದ್ದನಂತೆ. ಆಕೆ ಆರು ತಾಸು ಕೂಡುತ್ತಿದ್ದಳು. ನನಗೆ ಆ ಗದರಿಕೆಯ ಅಗತ್ಯ ಬಿದ್ದಿಲ್ಲ. ಆಫೀಸಿನಿಂದ ಬಂದು ಹೆಡ್‌ಫೋನ್ ಹಾಕಿಕೊಂಡು ಡಿಜಿಟಲ್ ಪಿಯಾನೊದ ಮುಂದೆ ಮುಕ್ಕಾಲು ತಾಸು ಸಿಕ್ಕರೆ ಪುಣ್ಯ.

*

ಗುರು ಸಿಗುವುದು ದುಡ್ಡಿನ ಮಾತಲ್ಲ ಅನ್ನುವುದಕ್ಕೆ ಮೈಸೂರಿನ ಉದಾಹರಣೆ ಇದೆ. ಜಯಚಾಮರಾಜೇಂದ್ರ ಒಡೆಯರ್ ಎಳೆಯದರಿಂದ ಪಿಯಾನೊ ಕಲಿತವರು. ಅವರ ಆಸೆ ರಷ್ಯಾದ ಪಿಯಾನೊ ವಾದಕ ರಖ್ಮಾನಿನೋವ್ ಬಳಿ ಕಲಿಯಬೇಕೆಂಬುದು. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಇಪ್ಪತ್ತೊಂದರ ಹುಡುಗ ಸಿಂಹಾಸನ ಹತ್ತಿದ, ಪಿಯಾನೊದ ದಾರಿ ಅಲ್ಲಿಗೆ ನಿಂತಿತು. ಲಂಡನ್ನಿನ ಟ್ರಿನಿಟಿ ಕಾಲೇಜು 1945ರಲ್ಲಿ ಗೌರವ ಫೆಲೋ ಮಾಡಿತು, ಅದು ಬೇರೆ ಮಾತು.

ತನಗೆ ಸಿಗದ ಗುರುವಿನ ಗೆಳೆಯನೊಬ್ಬನನ್ನು ಅವರು ಉಳಿಸಿದರು. ನಿಕೊಲಾಯ್ ಮೆಟ್ನರ್, ರಷ್ಯಾ ಬಿಟ್ಟು ಬಂದು ಲಂಡನ್ನಿನಲ್ಲಿ ಬಡತನ, ಕಾಯಿಲೆಯಲ್ಲಿದ್ದ ರಚನಕಾರ. ಮೈಸೂರಿನ ದುಡ್ಡಿನಿಂದ ಮೆಟ್ನರ್ ಸೊಸೈಟಿ ಹುಟ್ಟಿತು, ಮುದುಕ ಮೆಟ್ನರ್ ತನ್ನ ರಚನೆಗಳನ್ನು ತಾನೇ ಬಾರಿಸಿ ಎಚ್‌ಎಂವಿ ತಟ್ಟೆಗಳಿಗೆ ಕೊಟ್ಟ. ಅವನ ಮೂರನೆಯ ಪಿಯಾನೊ ಕನ್ಸರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದರ ಹಿಂದೆಯೂ ಮಹಾರಾಜರ ಹಣದ ಭರವಸೆಯಿತ್ತು. ಮುಂದೆ ಅವರು ಕರ್ನಾಟಕ ಸಂಗೀತಕ್ಕೆ ತಿರುಗಿ 94 ಕೃತಿಗಳನ್ನು ರಚಿಸಿದರು. ಅರಮನೆಯಲ್ಲಿ ಪಿಯಾನೊಗಳಿದ್ದವು, ತಟ್ಟೆಗಳಿದ್ದವು, ಪಕ್ಕದ ಕುರ್ಚಿಯಲ್ಲಿ ಕೂತು 'ಒತ್ತಬೇಡಿ' ಅನ್ನಬೇಕಾಗಿದ್ದ ರಖ್ಮಾನಿನೋವ್ ಮಾತ್ರ ಇರಲಿಲ್ಲ. ನಮ್ಮ ಜೇವರ್ಗಿ ಆಗ ಮೈಸೂರಿನದೂ ಅಲ್ಲ, ನಿಜಾಮನ ಹೈದರಾಬಾದಿನದು. ಈ ಕಥೆ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ.

*

ಕಳೆದ ಶ್ರಾವಣದಲ್ಲಿ ಊರಿಗೆ ಹೋದಾಗ ಮುತ್ಯಾನ ಮನೆಗೆ ಹೋದೆ. ಕಣ್ಣು ಮಂಜಾಗಿದೆ, ಕಿವಿ ಹಾಗೇ ಇದೆ. ಕರೆಂಟ್ ಹೋಗಿತ್ತು. ಕಟ್ಟೆಯ ಮೇಲೆ ಕೂತಿದ್ದ.

"ಏನ್ ಬಾರಸ್ಲತ್ತಿ ತಮ್ಮಾ ಬೆಂಗ್ಳೂರಾಗ?"

"ಪಿಯಾನೊ, ಮುತ್ಯಾ."

"ಸಿನಿಮಾದಾಗ ರಾಜಕುಮಾರ ಕುಂತು ಬಾರಸ್ತಾನಲಾ, ಅದಾ?"

ಮೊಬೈಲಿನಲ್ಲಿ ನಾಕ್ಟರ್ನ್ ಹಚ್ಚಿ ಅವನ ಕಿವಿಯ ಹತ್ತಿರ ಹಿಡಿದೆ. ನನ್ನದಲ್ಲ, ದೊಡ್ಡ ವಾದಕರೊಬ್ಬರದು. ಅರ್ಧದಷ್ಟು ಸುಮ್ಮನೆ ಕೇಳಿದ. ತೊಡೆಯ ಮೇಲೆ ಬೆರಳು ಮೂರರ ನಡೆ ಹಿಡಿದಿತ್ತು.

"ಇಬ್ಬರು ಅದಾರ ಇದ್ರಾಗ."

"ಇಲ್ಲ ಮುತ್ಯಾ, ಒಬ್ಬರೇ."

"ಒಬ್ಬರ ಇರ್ಲಿ. ಕೈ ಇಬ್ಬರ್ದು ಅವ. ಒಬ್ಬ ದಮ್ಮಡಿಯವ. ಅಂವ ಕುಂತ ಜಾಗಾ ಬಿಟ್ಟು ಏಳಂಗಿಲ್ಲ. ಇನ್ನೊಬ್ಬ ಹಾಡಾಂವ. ಅಂವ ಓಣಿ ತಿರಗ್ಯಾಡಿ ಬರ್ತಾನ, ಖರೆ ಬರಾದು ದಮ್ಮಡಿಯವನ ಮನಿಗೇ."

ಮಿಕುಲಿ, ಲೆಂಟ್ಸ್ ಎಲ್ಲ ಬರೆದಿಟ್ಟದ್ದನ್ನು ಹೇಳಬೇಕೆನಿಸಿತು. ಹೇಳಲಿಲ್ಲ.

ಈ ರಚನೆಯಲ್ಲಿ ಹಾಡಿನ ಸಾಲು ಮತ್ತೆ ಮತ್ತೆ ಬರುತ್ತದೆ, ಬಂದಾಗೆಲ್ಲ ಹೊಸ ಮುರ್ಕಿ ಹೊತ್ತು ಬರುತ್ತದೆ. ಶೋಪಾನ್ ತನ್ನ ಶಿಷ್ಯರ ಪ್ರತಿಗಳಲ್ಲಿ ಪೆನ್ಸಿಲಿನಿಂದ ಒಬ್ಬೊಬ್ಬರಿಗೆ ಒಂದೊಂದು ತರಹದ ಅಲಂಕಾರ ಬರೆದುಕೊಟ್ಟದ್ದು ಈ ನಾಕ್ಟರ್ನಿಗೇ ಹೆಚ್ಚು. ಧೈರ್ಯ ಮಾಡಿ ಒಂದು ದಿನ ನನ್ನದೇ ಮುರ್ಕಿ ಹಾಕಿದ್ದೆ. ಮಿಸ್ ಕನ್ನಡಕದ ಮೇಲಿನಿಂದ ನೋಡಿ, "ಚೆನ್ನಾಗಿದೆ, ಅರ್ಧ ತೆಗೀರಿ" ಅಂದಿದ್ದರು. ಮುತ್ಯಾ ಮಾತ್ರ ಆ ತಿರುವುಗಳು ಬಂದಾಗೆಲ್ಲ "ಹಾಂ" ಅನ್ನುತ್ತಿದ್ದ, ಪುರಾಣ ಕೇಳುವವರ ಹಾಗೆ.

ಕೊನೆಗೆ ಒಮ್ಮೆ ಜೋರಾಗಿ ಎದ್ದು, ತಾಳ ಬಿಟ್ಟು ಮೇಲೆಲ್ಲ ಸುತ್ತಾಡಿ, ಇಳಿದು, ತೀರಾ ಮೆಲ್ಲಗೆ ಷಡ್ಜಕ್ಕೆ ಬಂದು ನಿಲ್ಲುತ್ತದೆ. ಬರಹದಲ್ಲಿ ಅಲ್ಲಿ ಮೂರು ಪಿ ಇವೆ, ಅತಿ ಅತಿ ಮೆಲ್ಲಗೆ ಎಂಬ ಗುರುತು. ಫೋನಿನಲ್ಲಿ ಅದು ಕೇಳಿಸುವುದೇ ಇಲ್ಲ.

"ಮುಗೀತಾ?"

"ಇನ್ನೂ ಇತ್ತು ಮುತ್ಯಾ. ಸಣ್ಣಗಾಗಿ ಹೋಗ್ತದ ಅದು. ಪೇಟ್ಯಾಗ ಹಂಗ ಬರಂಗಿಲ್ಲ."

ಕೂತಲ್ಲಿಂದಲೇ ಹಿಂದಕ್ಕೆ ಕೈ ಚಾಚಿ ಪೇಟಿ ಎಳೆದುಕೊಂಡ. ತಿದಿಗೆ ಹಾಕಿದ ತೇಪೆಯ ಮೇಲೆ ಇನ್ನೊಂದು ತೇಪೆ. ಒಮ್ಮೆ ಗಾಳಿ ತುಂಬಿ, ಕರಿ ಎರಡರ ಮೇಲೆ ಬೆರಳಿಟ್ಟು, ಎಡಗೈಯನ್ನು ತಿದಿಯಿಂದ ಪೂರ್ತಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಸ್ವರ ಗಟ್ಟಿಯಾಗಿ ನಿಂತಿತು, ಸ್ವಲ್ಪ ಹೊತ್ತಿಗೆ ತೆಳ್ಳಗಾಯಿತು, ಕೂದಲೆಳೆಯಷ್ಟು ಇಳಿಯಿತು. ಪೇಟಿಯ ಸ್ವರ ಹಾಗೆ ಹೋಗುವುದನ್ನು ನಾನು ನಿಂತು ಕೇಳಿದ್ದೇ ಇಲ್ಲ. ಬೆರಳು ತೆಗೆಯದೆ ಮುತ್ಯಾ ನನ್ನ ಕಡೆ ತಿರುಗಿದ.

"ಹಿಂಗೇನು?"

ನಾನು ಉತ್ತರ ಕೊಡುವುದರೊಳಗೆ ಕರೆಂಟ್ ಬಂತು. ಒಳಗೆ ಫ್ಯಾನು ತಿರುಗಲು ಶುರುವಾಯಿತು.